ಎಂಜಿನ್ನಿಗಿಂತ ಮೊದಲು ಗಾಡಿ

ಬಲವಿಜ್ಞಾನದ ಪಾಠ ಮುಗಿದ ಮೇಲೆ ಒಂದು ದಿನ ನಮ್ಮ ವಿದ್ಯಾರ್ಥಿಯೊಬ್ಬನು ಮೇಜಿನ ಬಳಿಗೆ ಬಂದು ಒಂದು ಚಿತ್ರವನ್ನು ತೋರಿಸಿದನು. ಅದು ಛಾವಣಿಯಿಲ್ಲದ, ಎರಡೇ ಆಸನಗಳುಳ್ಳ, ಹಳೆಯ ಕಾಲದ ಇಂಗ್ಲಿಷ್ ಕಾರು. ಆದರೆ ತೆರೆದಿಟ್ಟ ಅದರ ಬಾನೆಟ್ಟಿನ ಕೆಳಗೆ ಕುಳಿತಿದ್ದುದು ಅಮೆರಿಕದ ಎಂಟು ಸಿಲಿಂಡರುಗಳ ಎಂಜಿನ್ನು. “ಸರ್, ಇಂಥದೊಂದನ್ನು ಕಟ್ಟಬೇಕಾದರೆ ಎಲ್ಲಕ್ಕಿಂತ ದೊಡ್ಡ ಎಂಜಿನ್ ಯಾವುದೆಂದು ಮೊದಲು ಹುಡುಕಬೇಕಲ್ಲವೆ?” ಎಂದು ಅವನು ಕೇಳಿದನು. “ಆ ಎಂಜಿನ್ನನ್ನು ಎಲ್ಲಿ ಕೂರಿಸುತ್ತೀಯೆ?” ಎಂದೆವು. “ಯಾವುದಾದರೂ ಹಳೆಯ ಗಾಡಿಯಲ್ಲಿ” ಎಂಬ ಉತ್ತರ ಬಂದಿತು.

ಈ “ಯಾವುದಾದರೂ” ಎಂಬ ಒಂದು ಮಾತೇ ಇಂದಿನ ಲೇಖನಕ್ಕೆ ಕಾರಣ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಆತುರ ನಮ್ಮ ತರುಣರಲ್ಲಿ ಸಹಜವೇ. ಆದರೆ ಎಂಜಿನ್ನನ್ನು ಎರಡು ದಿನಗಳಲ್ಲಿ ಬದಲಾಯಿಸಬಹುದು. ಗಾಡಿಯ ತೂಕವನ್ನೂ ಎಲುಬಿನ ಹಂದರವನ್ನೂ ಹಾಗೆ ಬದಲಾಯಿಸಲು ಬಾರದು. ಆರಂಭದಲ್ಲಿ ಗಾಡಿಯನ್ನು ತಪ್ಪಾಗಿ ಆರಿಸಿದವನು ಆ ತಪ್ಪನ್ನು ಎಷ್ಟು ಅಶ್ವಶಕ್ತಿಯಿಂದಲೂ ತಿದ್ದಿಕೊಳ್ಳಲಾರನು. ಕೆಲವು ವೇಳೆ ಅದರ ಬೆಲೆಯನ್ನು ಪ್ರಾಣದಿಂದಲೇ ತೆರಬೇಕಾಗುತ್ತದೆ. ಇದು ಹೇಗೆಂಬುದನ್ನು ನೋಡೋಣ.

ಒಣಗಿದ ಸರೋವರಗಳ ಮೇಲೆ

ಹಳೆಯ ಗಾಡಿಯೊಂದನ್ನು ಕೊಂಡು, ಬೇಡದ ಭಾಗಗಳನ್ನು ಕಳಚಿ, ಹೆಚ್ಚು ಬಲದ ಎಂಜಿನ್ನನ್ನು ಅಳವಡಿಸಿ ಓಡಿಸುವ ಗಾಡಿಗೆ ಅಮೆರಿಕದಲ್ಲಿ ‘ಹಾಟ್ ರಾಡ್’ ಎಂದು ಹೆಸರು. ಈ ಹವ್ಯಾಸ ಬಲಿತದ್ದು ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ. ಅಲ್ಲಿನ ಮರುಭೂಮಿಯಲ್ಲಿ ಮುರಾಕ್, ಎಲ್ ಮಿರಾಜ್ ಮೊದಲಾದ ಒಣಗಿದ ಸರೋವರಗಳುಂಟು. ಮೈಲುಗಟ್ಟಲೆ ಸಮತಟ್ಟಾದ ಅವುಗಳ ಗಟ್ಟಿ ನೆಲದ ಮೇಲೆ ತರುಣರು ತಮ್ಮ ಗಾಡಿಗಳ ವೇಗವನ್ನು ಅಳೆಯುತ್ತಿದ್ದರು. ಅವರ ಕೂಟಗಳೆಲ್ಲ ಸೇರಿ 1937ರಲ್ಲಿ ಒಂದು ಸಂಘವನ್ನು ಕಟ್ಟಿದವು. ಆ ಸಂಘದ ವೇಗಸಪ್ತಾಹವು 1949ರಲ್ಲಿ ಯೂಟಾ ಪ್ರಾಂತ್ಯದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಮೊದಲ ಬಾರಿಗೆ ನಡೆಯಿತು.

ಅವರು ಆರಿಸಿಕೊಂಡ ಗಾಡಿಗಳು ಯಾವುವು? ಸಿರಿವಂತರ ಭಾರಿ ಕಾರುಗಳಲ್ಲ. ಫೋರ್ಡ್ ಸಂಸ್ಥೆಯ ಬಡವರ ಗಾಡಿಗಳು. 1908ರಿಂದ 1927ರವರೆಗೆ ತಯಾರಾದ ‘ಮಾಡೆಲ್ ಟಿ’ ಒಂದೂವರೆ ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ಹೊರಬಂದಿತ್ತು. ಅದರ ತೂಕ ಸುಮಾರು 550 ಕಿಲೋಗ್ರಾಂ, ಬಲ 20 ಅಶ್ವಶಕ್ತಿ. ಅದರ ತರುವಾಯ ಬಂದ ‘ಮಾಡೆಲ್ ಎ’ಗೆ 40 ಅಶ್ವಶಕ್ತಿ. 1932ರಲ್ಲಿ ಅದೇ ಸಂಸ್ಥೆಯು ಎಂಟು ಸಿಲಿಂಡರುಗಳ, 65 ಅಶ್ವಶಕ್ತಿಯ ಎಂಜಿನ್ನನ್ನು ಅಗ್ಗದ ಗಾಡಿಯಲ್ಲಿಟ್ಟು ಮಾರಿತು. ಹಗುರವಾದ ಹಳೆಯ ಗಾಡಿ ಒಂದು ಕಡೆ, ಗುಜರಿಯಲ್ಲಿ ಸುಲಭವಾಗಿ ಸಿಗುವ ಹೊಸ ಎಂಜಿನ್ನು ಇನ್ನೊಂದು ಕಡೆ. ಎರಡನ್ನೂ ಕೂಡಿಸಲು ಆ ತರುಣರಿಗೆ ಯಾರ ಉಪದೇಶವೂ ಬೇಕಾಗಲಿಲ್ಲ. ಹಗುರವಾಗಿರಬೇಕು, ಸರಳವಾಗಿರಬೇಕು, ಬಿಡಿಭಾಗಗಳು ಹೇರಳವಾಗಿ ಸಿಗಬೇಕು ಎಂಬ ಮೂರು ಸೂತ್ರಗಳನ್ನು ಅವರು ಅನುಭವದಿಂದಲೇ ಕಂಡುಕೊಂಡಿದ್ದರು.

ಒಂದು ಪ್ರಸಿದ್ಧ ಆಯ್ಕೆ

ಇದೇ ವಿದ್ಯೆಯನ್ನು ಕ್ರೀಡಾಕಾರಿಗೆ, ಅಂದರೆ ವೇಗಕ್ಕೂ ತಿರುವಿಗೂ ಎಂದೇ ಮಾಡಿದ ಎರಡಾಸನದ ಪುಟ್ಟ ಕಾರಿಗೆ, ಅನ್ವಯಿಸಿದವರಲ್ಲಿ ಹೆಚ್ಚು ಪ್ರಸಿದ್ಧನಾದವನು ಟೆಕ್ಸಾಸಿನ ಕ್ಯಾರೊಲ್ ಶೆಲ್ಬಿ. 1959ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ರಾಯ್ ಸಾಲ್ವಡೋರಿಯೊಡನೆ ಗೆದ್ದ ಈತನು ಹೃದಯದ ಬೇನೆಯಿಂದಾಗಿ ಮರುವರ್ಷವೇ ಪಂದ್ಯಗಳನ್ನು ಬಿಡಬೇಕಾಯಿತು. ತಾನು ಓಡಿಸಲಾರದ ಗಾಡಿಯನ್ನು ತಾನೇ ಕಟ್ಟಬೇಕೆಂದು ಅವನು ಹೊರಟಾಗ ಕಣ್ಣಿಗೆ ಬಿದ್ದದ್ದು ಇಂಗ್ಲೆಂಡಿನ ಎ.ಸಿ. ಎಂಬ ಚಿಕ್ಕ ಸಂಸ್ಥೆಯ ‘ಏಸ್’ ಕಾರು.

1953ರಲ್ಲಿ ಹುಟ್ಟಿದ ಈ ಏಸ್ ಹಗುರವಾದುದು. ಎರಡು ಉದ್ದನೆಯ ಉಕ್ಕಿನ ಕೊಳವೆಗಳೇ ಅದರ ಬೆನ್ನೆಲುಬು. ಅದರ ಮೇಲೆ ಅಲ್ಯೂಮಿನಿಯಮಿನ ತೆಳು ಹೊದಿಕೆ. ನಾಲ್ಕು ಚಕ್ರಗಳೂ ಒಂದರ ಹಂಗಿಲ್ಲದೆ ಇನ್ನೊಂದು ಮೇಲೆ ಕೆಳಗೆ ಆಡಬಲ್ಲವು. ಅದಕ್ಕೆ ಒದಗುತ್ತಿದ್ದ ಎರಡು ಲೀಟರಿನ ಬ್ರಿಸ್ಟಲ್ ಎಂಜಿನ್ನಿನ ತಯಾರಿಕೆ 1961ರಲ್ಲಿ ನಿಂತುಹೋಗುತ್ತಿತ್ತು. ಗಾಡಿ ಉಂಟು, ಎಂಜಿನ್ನಿಲ್ಲ. ಅದೇ ವರ್ಷ ಶೆಲ್ಬಿಯು ಆ ಸಂಸ್ಥೆಗೆ ಪತ್ರ ಬರೆದು, ತಾನು ಅಮೆರಿಕದ ಎಂಜಿನ್ನನ್ನು ತರುವುದಾಗಿ ಸೂಚಿಸಿದನು. ಫೋರ್ಡ್ ಸಂಸ್ಥೆಯು ಆಗತಾನೆ ತೆಳು ಗೋಡೆಯ ಎರಕದಿಂದ ಎಂಟು ಸಿಲಿಂಡರುಗಳ ಒಂದು ಎಂಜಿನ್ನನ್ನು ತಯಾರಿಸಿತ್ತು. ಎರಕದ ಕಬ್ಬಿಣದ್ದಾದರೂ ಅದರ ತೂಕ ಸುಮಾರು 210 ಕಿಲೋಗ್ರಾಂ ಮಾತ್ರ. 1962ರಲ್ಲಿ ಏಸ್‌ನ ಒಡಲಿಗೆ ಈ ಎಂಜಿನ್ನನ್ನು ಕೂರಿಸಿದಾಗ ‘ಕೋಬ್ರ’ ಹುಟ್ಟಿತು. ಇಡೀ ಗಾಡಿಯ ತೂಕ ಸುಮಾರು 950 ಕಿಲೋಗ್ರಾಂ. ಬಲ, ಆ ಕಾಲದ ಅಳತೆಯಂತೆ, 260 ಅಶ್ವಶಕ್ತಿ. ಮಾಡೆಲ್ ಟಿ ಗಾಡಿಯಲ್ಲಿ ಒಂದು ಅಶ್ವಶಕ್ತಿಯು 27 ಕಿಲೋಗ್ರಾಂ ತೂಕವನ್ನು ಎಳೆಯಬೇಕಾಗಿದ್ದರೆ, ಇಲ್ಲಿ ಅದರ ಪಾಲಿಗೆ ಬಂದದ್ದು ನಾಲ್ಕು ಕಿಲೋಗ್ರಾಮಿಗಿಂತಲೂ ಕಡಮೆ.

ಶೆಲ್ಬಿಯ ಜಾಣ್ಮೆ ಇದ್ದುದು ಎಂಜಿನ್ನಿನಲ್ಲಿ ಎಂದು ಹಲವರು ಭಾವಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದು ಗಾಡಿಯ ಆಯ್ಕೆಯಲ್ಲಿದ್ದಿತು. ಏಕೆಂಬುದನ್ನು ಒಂದೊಂದಾಗಿ ಪರೀಕ್ಷಿಸೋಣ.

ಮೊದಲನೆಯದು ತೂಕ

ಬಲವೆಂದರೆ ರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧ ಎಂಬ ನ್ಯೂಟನ್ನನ ನಿಯಮವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲನು. ಬಲವನ್ನು ಇಮ್ಮಡಿಸಿದರೂ, ರಾಶಿಯನ್ನು ಅರ್ಧಕ್ಕಿಳಿಸಿದರೂ ವೇಗೋತ್ಕರ್ಷ ಎರಡರಷ್ಟಾಗುತ್ತದೆ. ಹಾಗಾದರೆ ಎರಡೂ ಒಂದೇ ಅಲ್ಲವೆ? ಅಲ್ಲ. ಬಲ ಹೆಚ್ಚಿಸಿದರೆ ಗಾಡಿ ಬೇಗ ಓಡುತ್ತದೆ, ಅಷ್ಟೆ. ರಾಶಿಯನ್ನು ಇಳಿಸಿದರೆ ಗಾಡಿ ಬೇಗ ಓಡುತ್ತದೆ, ಬೇಗ ನಿಲ್ಲುತ್ತದೆ, ತಿರುವಿನಲ್ಲಿ ಟೈರುಗಳ ಮೇಲೆ ಬೀಳುವ ಹೊರೆಯೂ ಇಳಿಯುತ್ತದೆ. ಒಂದು ಖರ್ಚಿಗೆ ಮೂರು ಲಾಭ.

ಅಲ್ಲದೆ ಎಂಜಿನ್ನಿನ ಬಲ ಎಷ್ಟೇ ಇರಲಿ, ಅದು ನೆಲವನ್ನು ಮುಟ್ಟುವುದು ಟೈರುಗಳ ಘರ್ಷಣೆಯ ಮೂಲಕವೇ. 900 ಕಿಲೋಗ್ರಾಮಿನ ಗಾಡಿಯೊಂದರ ಅರ್ಧ ತೂಕ ಹಿಂದಿನ ಚಕ್ರಗಳ ಮೇಲಿದೆ, ಎಂಜಿನ್ನು ಆ ಚಕ್ರಗಳನ್ನೇ ತಿರುಗಿಸುತ್ತದೆ, ಘರ್ಷಣಾಂಕ 0.8 ಎಂದು ಇಟ್ಟುಕೊಳ್ಳೋಣ. ಆಗ ದೊರೆಯಬಹುದಾದ ಅತಿ ಹೆಚ್ಚಿನ ವೇಗೋತ್ಕರ್ಷವು ಗುರುತ್ವದ ಹತ್ತರಲ್ಲಿ ನಾಲ್ಕು ಪಾಲು. ನಿಂತ ಸ್ಥಿತಿಯಿಂದ ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ ಏರಲು ಏಳು ಸೆಕೆಂಡುಗಳು ಬೇಕು. ಆ ವೇಗದಲ್ಲಿ ಟೈರುಗಳು ನೆಲಕ್ಕೆ ಒಪ್ಪಿಸಬಲ್ಲ ಬಲ ಸುಮಾರು 130 ಅಶ್ವಶಕ್ತಿ ಮಾತ್ರ. ಅದಕ್ಕಿಂತ ಕಡಮೆ ವೇಗದಲ್ಲಿ ಇನ್ನೂ ಕಡಮೆ. ಗಾಡಿ ಮುನ್ನುಗ್ಗುವಾಗ ತೂಕದ ಒಂದಂಶ ಹಿಂದಕ್ಕೆ ಸರಿಯುವುದರಿಂದ ಈ ಲೆಕ್ಕ ತುಸು ಸುಧಾರಿಸುತ್ತದೆ. ಆದರೂ ಮಿಕ್ಕ ಅಶ್ವಗಳೆಲ್ಲ ರಬ್ಬರನ್ನು ಸುಟ್ಟು ಹೊಗೆಯೆಬ್ಬಿಸುವುದಕ್ಕಷ್ಟೇ ಉಪಯೋಗ!

ಹಗುರವಾದ ಗಾಡಿಯ ಮಹಿಮೆಯನ್ನು ಚೆನ್ನಾಗಿ ಅರಿತವನು ಕಾಲಿನ್ ಚಾಪ್‌ಮನ್. ಲಂಡನ್ನಿನಲ್ಲಿ ಎಂಜಿನಿಯರಿಂಗ್ ಓದಿದ ಈತನು 1948ರಲ್ಲಿ ತನ್ನ ಮೊದಲ ಗಾಡಿಗೆ ಆರಿಸಿಕೊಂಡದ್ದು ಹಳೆಯದೊಂದು ‘ಆಸ್ಟಿನ್ ಸೆವೆನ್’. ಅದರ ಎಂಜಿನ್ನು ಕೇವಲ 747 ಘನ ಸೆಂಟಿಮೀಟರುಗಳದು. ಆತನು ಅದಕ್ಕೆ ಪ್ಲೈವುಡ್ಡಿನ ಹೊಸ ಒಡಲನ್ನು ಕಟ್ಟಿದನು. ಅದೇ ಮೊದಲ ‘ಲೋಟಸ್’ ಕಾರು.

ಪಾದರಕ್ಷೆಯ ಪೆಟ್ಟಿಗೆಯ ಪಾಠ

ಎರಡನೆಯದು ಚೌಕಟ್ಟಿನ ಬಿಗುವು. ವಾಚಕರು ಮನೆಯಲ್ಲಿಯೇ ಒಂದು ಪ್ರಯೋಗ ಮಾಡಬಹುದು. ಪಾದರಕ್ಷೆಯ ಖಾಲಿ ರಟ್ಟಿನ ಪೆಟ್ಟಿಗೆಯೊಂದರ ಮುಚ್ಚಳವನ್ನು ತೆಗೆದು, ಎರಡು ತುದಿಗಳನ್ನೂ ಹಿಡಿದು ಒದ್ದೆ ಬಟ್ಟೆಯನ್ನು ಹಿಂಡುವಂತೆ ತಿರುಚಿರಿ. ಅದು ಸಲೀಸಾಗಿ ತಿರುಚಿಕೊಳ್ಳುತ್ತದೆ. ಈಗ ಮುಚ್ಚಳವನ್ನು ಹಾಕಿ, ಅಂಚುಗಳಿಗೆ ಸುತ್ತಲೂ ಕಾಗದದ ಪಟ್ಟಿಯನ್ನು ಅಂಟಿಸಿ, ಒಣಗಿದ ಮೇಲೆ ಮತ್ತೆ ತಿರುಚಿ ನೋಡಿರಿ. ರಟ್ಟು ಅದೇ, ತೂಕವೂ ಹೆಚ್ಚುಕಡಮೆ ಅಷ್ಟೇ. ಆದರೆ ಪೆಟ್ಟಿಗೆ ಮಣಿಯುವುದಿಲ್ಲ. ಛಾವಣಿಯುಳ್ಳ ಕಾರು ಮುಚ್ಚಿದ ಪೆಟ್ಟಿಗೆ. ಛಾವಣಿಯಿಲ್ಲದ ಕ್ರೀಡಾಕಾರು ಮುಚ್ಚಳ ತೆಗೆದ ಪೆಟ್ಟಿಗೆ.

ಚೌಕಟ್ಟು ತಿರುಚಿಕೊಂಡರೆ ಆಗುವ ಕೇಡೇನು? ಚಕ್ರಗಳು ನೆಲದೊಡನೆ ಮಾಡುವ ಕೋನಗಳು ತಿರುವು ತಿರುವಿಗೂ ಬದಲಾಗುತ್ತವೆ. ಚಾಲಕನು ಒಂದು ದಿಕ್ಕಿಗೆ ತಿರುಗಿಸಿದರೆ ಗಾಡಿ ಕ್ಷಣಕಾಲ ಯೋಚಿಸಿ ಇನ್ನೊಂದು ದಿಕ್ಕಿಗೆ ಹೋಗುತ್ತದೆ. 40 ಅಶ್ವಶಕ್ತಿಗೆಂದು ಮಾಡಿದ ಚೌಕಟ್ಟಿಗೆ 200 ಅಶ್ವಶಕ್ತಿಯನ್ನು ಕಟ್ಟಿದರೆ ಬೆಸುಗೆಗಳು ಬಿರುಕು ಬಿಡುವುದೂ ಉಂಟು.

ಕೋಬ್ರದ ಕಥೆಯೇ ಇದಕ್ಕೆ ಸಾಕ್ಷಿ. ಎಂಜಿನ್ನು 4.7 ಲೀಟರಿನವರೆಗೆ ಬೆಳೆದಾಗ ಏಸ್‌ನ ಮೂರು ಅಂಗುಲದ ಕೊಳವೆಗಳು ಹೇಗೋ ತಾಳಿಕೊಂಡವು. ಏಳು ಲೀಟರಿನ ಭಾರಿ ಎಂಜಿನ್ನನ್ನು ತಂದಾಗ ತಾಳಲಾರದೆಹೋದವು. 1965ರ ಆ ಕೋಬ್ರಕ್ಕೆ ನಾಲ್ಕು ಅಂಗುಲದ ಕೊಳವೆಗಳ ಬೇರೆಯೇ ಚೌಕಟ್ಟನ್ನು, ಸುರುಳಿ ಸ್ಪ್ರಿಂಗುಗಳೊಡನೆ, ಹೊಸದಾಗಿ ರಚಿಸಬೇಕಾಯಿತು. ಗೋಡೆಯ ದಪ್ಪ ಒಂದೇ ಆಗಿದ್ದರೆ ತೆಳು ಕೊಳವೆಯ ತಿರುಚುವಿಕೆಯನ್ನು ತಡೆಯುವ ಶಕ್ತಿಯು ವ್ಯಾಸದ ಘನದಂತೆ ಏರುತ್ತದೆ. ಮೂರರ ಘನ 27, ನಾಲ್ಕರ ಘನ 64. ಒಂದು ಅಂಗುಲ ಹೆಚ್ಚಿದ್ದರಿಂದ ಕೊಳವೆಯ ಬಿಗುವು ಎರಡರಷ್ಟಕ್ಕೂ ಮಿಕ್ಕಿ ಹೆಚ್ಚುತ್ತದೆ. ಪೊಳ್ಳಾದ ಬಿದಿರು ಗಾಳಿಗೆ ನಿಲ್ಲುವ ಗುಟ್ಟೂ ಇದೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಎಂಜಿನ್ನಿಗೂ ಸಲ್ಲುತ್ತದೆ: ಕಾಲು ಉದ್ದವಾದರೆ ಹಾಸಿಗೆಯನ್ನೇ ಹೊಸದಾಗಿ ನೇಯಿಸಬೇಕು.

ಎಂಜಿನ್ನು ಕುಳಿತುಕೊಳ್ಳುವ ಜಾಗ

ಮೂರನೆಯದು ಸಮತೋಲ. ಗಾಡಿಯ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ದೂರ 2.3 ಮೀಟರ್ ಎನ್ನೋಣ. ಏಸ್‌ನ ಅಳತೆಯೂ ಸುಮಾರಾಗಿ ಇದೇ. ಹಳೆಯ ಎಂಜಿನ್ನಿಗಿಂತ 60 ಕಿಲೋಗ್ರಾಂ ಹೆಚ್ಚು ಭಾರವಾದ ಎಂಜಿನ್ನನ್ನು ಕೂರಿಸುತ್ತೇವೆ. ಲೆಕ್ಕ ಸುಲಭವಾಗಲೆಂದು ಈ ಹೆಚ್ಚಿನ ತೂಕವನ್ನಷ್ಟೇ ಗಮನಿಸೋಣ. ಅದು ಮುಂದಿನ ಅಚ್ಚಿನಿಂದ 40 ಸೆಂಟಿಮೀಟರ್ ಹಿಂದೆ ಬಿದ್ದರೆ, ಏತದ ನಿಯಮದಂತೆ, ಮುಂದಿನ ಚಕ್ರಗಳ ಮೇಲೆ 50 ಕಿಲೋಗ್ರಾಂ, ಹಿಂದಿನವುಗಳ ಮೇಲೆ 10 ಕಿಲೋಗ್ರಾಂ ಹಂಚಿಕೆಯಾಗುತ್ತದೆ. ಜಾಗವಿಲ್ಲದೆ ಅದೇ ತೂಕವನ್ನು ಅಚ್ಚಿಗಿಂತ 30 ಸೆಂಟಿಮೀಟರ್ ಮುಂದಕ್ಕೆ ಇಡಬೇಕಾಗಿ ಬಂದರೆ ಮುಂದಿನ ಚಕ್ರಗಳಿಗೆ 68 ಕಿಲೋಗ್ರಾಂ ಸೇರುತ್ತದೆ. ಹಿಂದಿನ ಚಕ್ರಗಳ ಮೇಲಿದ್ದ ತೂಕದಲ್ಲಿ 8 ಕಿಲೋಗ್ರಾಂ ಕಳೆದುಹೋಗುತ್ತದೆ! ನೆಲವನ್ನು ತಳ್ಳಬೇಕಾದ ಚಕ್ರಗಳೇ ಹಗುರವಾಗುತ್ತವೆ. ದಿಕ್ಕು ತಿರುಗಿಸಬೇಕಾದ ಚಕ್ರಗಳು ಭಾರವಾಗಿ ಮೊಂಡು ಬೀಳುತ್ತವೆ.

ಆದುದರಿಂದ ಗಾಡಿಯನ್ನು ಕೊಳ್ಳುವವನು ಬಾನೆಟ್ಟನ್ನು ತೆರೆದು ಎಂಜಿನ್ನನ್ನಲ್ಲ, ಅದರ ಸುತ್ತಣ ಖಾಲಿ ಜಾಗವನ್ನು ನೋಡಬೇಕು. ಇಂಗ್ಲೆಂಡಿನ ಎಂ.ಜಿ. ಸಂಸ್ಥೆಯ ‘ಎಂ.ಜಿ.ಬಿ.’ ಕಾರಿನಲ್ಲಿ ಇಂತಹ ಜಾಗ ಧಾರಾಳವಾಗಿದ್ದಿತು. 1970ರ ಸುಮಾರಿಗೆ ಕೆನ್ ಕಾಸ್ಟೆಲ್ಲೊ ಎಂಬಾತನು ಅದರಲ್ಲಿ ರೋವರ್ ಸಂಸ್ಥೆಯ 3.5 ಲೀಟರಿನ ಎಂಜಿನ್ನನ್ನು ಅಳವಡಿಸಿ ತೋರಿಸಿದನು. ಆ ಎಂಜಿನ್ನು ಅಲ್ಯೂಮಿನಿಯಮಿನದಾದ ಕಾರಣ ಎಂಟು ಸಿಲಿಂಡರುಗಳಿದ್ದರೂ ಮೂಲದ ನಾಲ್ಕು ಸಿಲಿಂಡರುಗಳ ಕಬ್ಬಿಣದ ಎಂಜಿನ್ನಿನಷ್ಟೇ ತೂಗುತ್ತಿದ್ದಿತು. ಸಮತೋಲ ಕೆಡಲಿಲ್ಲ. ತಯಾರಕರೇ ಈ ಮಾದರಿಯನ್ನು ಅನುಸರಿಸಿ 1973ರಿಂದ 1976ರವರೆಗೆ ಸುಮಾರು 2,600 ಗಾಡಿಗಳನ್ನು ಮಾಡಿ ಮಾರಿದರು.

ನಿಲ್ಲಿಸಬಲ್ಲವನೇ ಓಡಿಸಲಿ

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುವ 900 ಕಿಲೋಗ್ರಾಮಿನ ಗಾಡಿಯಲ್ಲಿ ಸುಮಾರು 3,47,000 ಜೂಲ್ ಚಲನಶಕ್ತಿ ಅಡಗಿರುತ್ತದೆ. ಬ್ರೇಕನ್ನು ಒತ್ತಿದಾಗ ಅದೆಲ್ಲವೂ ಶಾಖವಾಗಬೇಕು. ಈ ಶಾಖದಿಂದ ಒಂದು ಲೀಟರಿಗೂ ತುಸು ಹೆಚ್ಚು ನೀರನ್ನು 25 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಬಹುದು. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕರಷ್ಟಾಗುತ್ತದೆ: ಆಗ ನಾಲ್ಕು ಲೀಟರಿಗೂ ಮಿಕ್ಕ ನೀರು ಕುದಿಯುವುದು. ಹೊಸ ಎಂಜಿನ್ನು ವೇಗವನ್ನು ಇಮ್ಮಡಿಸಿತೆಂದು ಹಿಗ್ಗುವವನು, ಹಳೆಯ ಬ್ರೇಕುಗಳಿಗೆ ನಾಲ್ಕು ಪಟ್ಟು ಬೆಂಕಿಯನ್ನು ನುಂಗಲು ಹೇಳುತ್ತಿದ್ದಾನೆ. ಕಾದ ಬ್ರೇಕಿನಲ್ಲಿ ಘರ್ಷಣೆ ಕುಗ್ಗುತ್ತದೆ. ಕಾಲು ಒತ್ತಿದರೂ ಗಾಡಿ ನಿಲ್ಲುವುದಿಲ್ಲ.

ಕ್ಯಾಲಿಫೋರ್ನಿಯದ ತರುಣರು ಇದನ್ನು ಬಹುಬೇಗ ಕಲಿತರು. 1932ರ ಗಾಡಿಯ ಬ್ರೇಕುಗಳು ಸರಳುಗಳಿಂದ ಎಳೆಯಲ್ಪಡುವಂಥವು. ನಾಲ್ಕು ಚಕ್ರಗಳಿಗೂ ಸಮನಾದ ಎಳೆತ ದೊರೆಯುವಂತೆ ಹೊಂದಿಸುವುದು ಕಷ್ಟ. 1939ರಲ್ಲಿ ಫೋರ್ಡ್ ಗಾಡಿಗಳಿಗೆ ದ್ರವದ ಒತ್ತಡದಿಂದ ಕೆಲಸ ಮಾಡುವ ಬ್ರೇಕುಗಳು ಬಂದವು. ಪ್ಯಾಸ್ಕಲನ ನಿಯಮದಂತೆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಯಲ್ಲವೆ? ತರುಣರು ಆ ಬ್ರೇಕುಗಳನ್ನು ಬಿಚ್ಚಿ ತಂದು ತಮ್ಮ ಹಳೆಯ ಗಾಡಿಗಳಿಗೆ ಜೋಡಿಸಿಕೊಂಡರು. ಕೋಬ್ರಕ್ಕೂ ನಾಲ್ಕು ಚಕ್ರಗಳಿಗೂ ಡಿಸ್ಕ್ ಬ್ರೇಕುಗಳನ್ನು ಇಡಲಾಯಿತು. ಎಂತಹ ಬ್ರೇಕನ್ನು ಜೋಡಿಸಲು ಅವಕಾಶವಿದೆ ಎಂಬುದನ್ನು ನೋಡದೆ ಗಾಡಿಯನ್ನು ಆರಿಸಲಾಗದು.

ಕೊಳ್ಳುವ ಮುನ್ನ

ಈ ನಾಲ್ಕೂ ಕೂಡಿಬಂದರೂ ಗಾಡಿ ಹಳೆಯದೆಂಬುದನ್ನು ಮರೆಯಬಾರದು. ಎಂ.ಜಿ.ಬಿ.ಯಂತಹ ಗಾಡಿಗಳಲ್ಲಿ ಬೇರೆ ಚೌಕಟ್ಟಿಲ್ಲ. ಉಕ್ಕಿನ ಒಡಲೇ ಚೌಕಟ್ಟು. ಬಾಗಿಲುಗಳ ಕೆಳಗಣ ಪೆಟ್ಟಿಗೆಯಾಕಾರದ ಅಂಚುಗಳೇ ಭಾರವನ್ನು ಹೊರುತ್ತವೆ. ಅವು ತುಕ್ಕು ಹಿಡಿದಿದ್ದರೆ ಮೇಲಿನ ಬಣ್ಣ ಎಷ್ಟು ಹೊಳೆದರೂ ವ್ಯರ್ಥ. ಪರೀಕ್ಷೆಗೆ ಭಾರಿ ಉಪಕರಣಗಳು ಬೇಕಿಲ್ಲ. ಒಂದು ಸಣ್ಣ ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಒಡಲಿನ ಮೇಲೆ ಆಡಿಸಿರಿ. ಉಕ್ಕಿದ್ದೆಡೆ ಅದು ಅಂಟುತ್ತದೆ. ತುಕ್ಕಿನ ಗುಂಡಿಯನ್ನು ಮೆತ್ತಿ ಮುಚ್ಚಿದ್ದೆಡೆ ಜಾರುತ್ತದೆ. ಒಂದು ದಾರದಿಂದ ಚೌಕಟ್ಟಿನ ಎರಡು ಕರ್ಣಗಳನ್ನು ಅಳೆಯಿರಿ. ಎಡಬಲಗಳು ಒಂದೇ ಬಗೆಯಾಗಿರುವ ಚೌಕಟ್ಟಿನಲ್ಲಿ ಅವು ಸಮನಾಗಿರಬೇಕು. ಇಲ್ಲದಿದ್ದರೆ ಗಾಡಿ ಹಿಂದೆಂದೋ ಅಪಘಾತಕ್ಕೆ ಸಿಕ್ಕಿ ಸೊಟ್ಟಗಾಗಿದೆ. ಜಾಕಿಯಿಂದ ಒಂದು ಮೂಲೆಯನ್ನು ಎತ್ತಿ ಬಾಗಿಲನ್ನು ತೆರೆದು ಮುಚ್ಚಿರಿ. ಬಾಗಿಲು ಸಿಕ್ಕಿಕೊಂಡರೆ ಮುಚ್ಚಳವಿಲ್ಲದ ಪೆಟ್ಟಿಗೆಯ ಪಾಠವನ್ನು ನೆನೆಯಿರಿ.

ಇನ್ನೊಂದು ವಿವೇಕದ ಮಾತು. ಅಪರೂಪದ, ಮೂಲರೂಪದಲ್ಲಿಯೇ ಉಳಿದಿರುವ ಗಾಡಿಯನ್ನು ಕತ್ತರಿಸುವುದು ಹಳೆಯ ಓಲೆಗರಿಯ ಮೇಲೆ ಹೊಸ ಲೆಕ್ಕ ಬರೆದಂತೆ. ಏಸ್ ಕಾರುಗಳು ತಯಾರಾದದ್ದೇ ಕೆಲವು ನೂರು. ಎಂ.ಜಿ.ಬಿ.ಗಳಾದರೋ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಮಿಕ್ಕಿ ಹೊರಬಂದವು. ಹೇರಳವಾಗಿರುವುದನ್ನು, ಅದರಲ್ಲಿಯೂ ಎಂಜಿನ್ನನ್ನು ಆಗಲೇ ಕಳೆದುಕೊಂಡು ಅನಾಥವಾಗಿರುವುದನ್ನು ಆರಿಸುವವನೇ ಜಾಣ. ಗೆದ್ದರೆ ಒಂದು ಗಾಡಿ ಬದುಕುತ್ತದೆ. ಸೋತರೆ ಇತಿಹಾಸಕ್ಕೇನೂ ನಷ್ಟವಿಲ್ಲ.

ನಮ್ಮ ದೇಶದಲ್ಲಿ ಈ ಹವ್ಯಾಸಕ್ಕೆ ದಾರಿ ಕಿರಿದು. 1988ರ ಮೋಟಾರು ವಾಹನ ಕಾಯಿದೆಯು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಐವತ್ತು ವರ್ಷ ಮೀರಿದ ಗಾಡಿಗಳಿಗೆಂದು 2021ರಲ್ಲಿ ಬಂದ ನಿಯಮಗಳೂ ಮೂಲರೂಪವನ್ನು ಉಳಿಸಿಕೊಂಡವುಗಳಿಗೇ ಮನ್ನಣೆ ಕೊಡುತ್ತವೆ. ಆದರೆ ವಿದ್ಯೆಗೆ ನಿಷೇಧವಿಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ‘ಬಾಹಾ’ ಎಂಬ ಸ್ಪರ್ಧೆಗೆಂದು ಪುಟ್ಟ ಗಾಡಿಗಳನ್ನು ತಾವೇ ಕಟ್ಟುವುದುಂಟು. ಎಲ್ಲ ತಂಡಗಳೂ ಒಂದೇ ಬಗೆಯ ಸಣ್ಣ ಎಂಜಿನ್ನನ್ನು ಬಳಸಬೇಕೆಂಬ ಕಟ್ಟುಪಾಡಿನಿಂದ ಬೆಳೆದ ಸ್ಪರ್ಧೆ ಅದು. ಎಂಜಿನ್ನು ಒಂದೇ ಆದಾಗ ಗೆಲ್ಲುವುದು ಯಾವುದು? ಹಗುರವಾದ, ಬಿಗುವಾದ, ಸಮತೋಲವುಳ್ಳ, ಹೇಳಿದಲ್ಲಿ ನಿಲ್ಲುವ ಗಾಡಿ.

ಚಿತ್ರವನ್ನು ತಂದಿದ್ದ ವಿದ್ಯಾರ್ಥಿಯು ಮರುವಾರ ಮತ್ತೆ ಬಂದನು. ಈ ಬಾರಿ ಅವನ ಕೈಯಲ್ಲಿ ಚಿತ್ರವಿರಲಿಲ್ಲ. ತಿರುಚಿ ತಿರುಚಿ ಮೂಲೆ ಹರಿದ ಒಂದು ರಟ್ಟಿನ ಪೆಟ್ಟಿಗೆಯಿತ್ತು. “ಸರ್, ನಡುವೆ ಒಂದು ಅಡ್ಡಪಟ್ಟಿ ಅಂಟಿಸಿದರೆ ಎಷ್ಟು ಬಿಗಿಯಾಗುತ್ತದೆ, ಅಳೆಯುವುದು ಹೇಗೆ?” ಎಂದು ಕೇಳಿದನು. ಎಂಜಿನ್ನಿನ ಮಾತನ್ನು ಅವನು ಎತ್ತಲೇ ಇಲ್ಲ. ಅವನು ಸರಿಯಾದ ಕಡೆಯಿಂದ ಆರಂಭಿಸಿದ್ದಾನೆಂದು ನಮಗೆ ಸಂತೋಷವಾಯಿತು.